ದರ್ಜಿಯ ದರ

‘ಸುಮ್ನೆ ಮೇಡಂ, ನಾಳೆ ಮಾರ್ಕೆಟ್ಟಿಗೆ ನಿಮ್ಮ ಜೊತೆ ನಾನೂ ಬರ್ತೀನಿ’ ಎಂದು ಮೇಲ್ವಿಚಾರಕ ಫೋನಿನಲ್ಲಿ ಹೇಳಿದ್ದ. ಬೆಳಗ್ಗೆ ಹಲ್ಲುಜ್ಜುವಾಗ, ಬ್ರೆಡ್ಡು ಬಿಸಿ ಮಾಡುವಾಗ, ಗಂಡನ ಊಟದ ಡಬ್ಬಿಗೆ ಮುಚ್ಚಳ ಹಾಕುವಾಗ ಅವಳ ಕಿವಿಯಲ್ಲಿ ಆ ‘ಸುಮ್ನೆ’ ಒಂದೇ ಗುಂಯ್‌ಗುಡುತ್ತಿತ್ತು. ಸುಮ್ಮನೆ ಯಾರು ಬರುತ್ತಾರೆ? ಹಳೆಯ ಮೇಲ್ವಿಚಾರಕರು ಕುರ್ಚಿ ಬಿಟ್ಟು ಏಳುತ್ತಿದ್ದುದೇ ಊಟಕ್ಕೆ. ಈತ ಹೊಸಬ, ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಜವಾನನಿಗೂ ‘ನೀವು’ ಅನ್ನುತ್ತಾನೆ, ಬಾಗಿಲನ್ನು ತಾನೇ ಹಿಡಿದುಕೊಂಡು ಬೇರೆಯವರನ್ನು ಮೊದಲು ಬಿಡುತ್ತಾನೆ. ಹಾಗೆ ಬಾಗಿಲು ಹಿಡಿದುಕೊಂಡೇ ಎರಡು ತಿಂಗಳ ಹಿಂದೆ ಪಕ್ಕದ ವಿಭಾಗದ ಒಬ್ಬನನ್ನು ಕೆಲಸದಿಂದಲೇ ಹೊರಗೆ ಕಳಿಸಿದ್ದ. ಅಂಗಡಿಗೆ ಹೋಗಿ ಕೇಳದೆ ಮನೆಯಲ್ಲಿ ಕೂತೇ ಬೆಲೆ ಬರೆಯುತ್ತಿದ್ದನಂತೆ ಆ ಮನುಷ್ಯ. ಹಾಲು ಉಕ್ಕಿ ಒಲೆಗೆ ಸುರಿಯಿತು. ‘ಎಲ್ಲಿದೆಯಮ್ಮ ಜ್ಞಾನ?’ ಎಂದರು ಅತ್ತೆ, ಮೇಜಿನ ಬಳಿ ಕನ್ನಡಕ ಒರೆಸುತ್ತಾ. ಆಮೇಲೆ ಎಂದಿನಂತೆ ಕೇಳಿದರು: ‘ಈ ತಿಂಗಳಾದ್ರೂ ಸ್ವಲ್ಪ ಧಾರಾಳವಾಗಿ ಬರಿ. ನನ್ನ ಪಿಂಚಣಿ ಏರೋದು ನಿನ್ನ ಕೈಲೇ ಅಲ್ವಾ ಇರೋದು?’ ತನ್ನಂಥವರು ಸಾವಿರಾರು ಜನ ಸಾವಿರಾರು ಅಂಗಡಿಗಳಿಂದ ಬೆಲೆ ತರುತ್ತಾರೆ, ಒಂದು ಸಂಸಾರ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂಬ ತೂಕ ಹಾಕಿ ಎಲ್ಲವನ್ನೂ ಅರೆದು ಕೊನೆಗೆ ಒಂದು ಸಂಖ್ಯೆ ತೆಗೆಯುತ್ತಾರೆ, ಪಿಂಚಣಿ ಸಂಬಳ ಎಲ್ಲ ಏರುವುದು ಆ ಸಂಖ್ಯೆ ಹಿಡಿದು ಎಂದು ಅವಳು ಅತ್ತೆಗೆ ಎಷ್ಟು ಸಲ ಹೇಳಿಲ್ಲ! ಇವತ್ತು ಹೇಳಲಿಲ್ಲ. ‘ನಿನ್ನ ಕೈಲೇ’ ಎಂಬ ಮಾತಿಗೆ, ಹಾಲು ಒರೆಸಿಯಾಗಿದ್ದ ಜಾಗವನ್ನೇ ಮತ್ತೆ ಒರೆಸಿದಳು.

ಹದಿನೇಳು ಅಂಗಡಿ ಅವಳ ಪಾಲಿಗೆ. ಪ್ರತಿ ತಿಂಗಳ ಮೊದಲ ವಾರ ಅದೇ ಅಂಗಡಿ, ಅದೇ ಪದಾರ್ಥ, ಅದೇ ಅಳತೆ. ಡಜನ್ ಮೊಟ್ಟೆ, ಅರ್ಧ ಕಿಲೋ ಬ್ರೆಡ್ಡು, ನೀಲಿ ಕಾಗದದ ಸಾಬೂನು, ದೊಡ್ಡವರ ಕ್ಷೌರ, ಮಕ್ಕಳ ಕಪ್ಪು ಬೂಟು. ಒಂದು ಕಡೆ ಅಗ್ಗವೆಂದು ಇನ್ನೊಂದು ಅಂಗಡಿಗೆ ಹೋಗುವಂತಿಲ್ಲ, ಇದು ಇಲ್ಲ ಅದು ಇದೆ ಎಂದರೆ ಅದರ ಬೆಲೆ ಬರೆಯುವಂತಿಲ್ಲ. ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯಬೇಕು. ಅಂಗಡಿಯೇ ಮುಚ್ಚಿದರೆ ಅದಕ್ಕೆ ಒಂದು ನಮೂನೆ ತುಂಬಿ, ಅಂಥದೇ ಇನ್ನೊಂದನ್ನು ಹುಡುಕಬೇಕು. ಅಂಗಡಿಯವರು ಅವಳಿಗೆ ಇಟ್ಟ ಹೆಸರು ರೇಟ್ ಮೇಡಂ. ‘ರೇಟ್ ಮೇಡಂ ಬಂದ್ರು, ನೋಡ್ರಪ್ಪಾ, ಇನ್ನು ಸಂಜೆಯೊಳಗೆ ಎಲ್ಲಾ ತುಟ್ಟಿ’ ಎಂದು ಕ್ಷೌರದವನು ಗಿರಾಕಿಯ ತಲೆ ಬಗ್ಗಿಸಿಕೊಂಡೇ ನಗುತ್ತಿದ್ದ. ಆ ನಗೆ ಅವಳಿಗೆ ಇಷ್ಟವಾಗುತ್ತಿತ್ತು. ಹದಿನಾರು ಅಂಗಡಿಗಳಲ್ಲಿ ಒಂದು ಪೈಸೆ ಹೆಚ್ಚಿಲ್ಲ ಕಡಿಮೆಯಿಲ್ಲದಂತೆ ಬರೆದಿದ್ದೇನೆ ಎಂದು ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಎಣಿಸಿದಳು. ಹದಿನಾರು ಎನ್ನುವುದು ಹದಿನೇಳಕ್ಕೆ ಎಷ್ಟು ಹತ್ತಿರ! ಆದರೂ ಕಿಟಕಿಯ ಗಾಜಿನಲ್ಲಿ ಕಂಡ ಮುಖ ಪೂರಾ ಕಳ್ಳಿಯದೇ ಆಗಿತ್ತು. ಹದಿನೇಳನೆಯದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿದ್ದ ದರ್ಜಿಯ ಅಂಗಡಿ. ಉದ್ದ ತೋಳಿನ ಗಂಡಸರ ಅಂಗಿ, ಹೊಲಿಗೆ ಮಾತ್ರ, ಬಟ್ಟೆ ಗಿರಾಕಿಯದು. ಆ ಮೆಟ್ಟಿಲು ಹತ್ತಿ ಅವಳಿಗೆ ಒಂಬತ್ತು ತಿಂಗಳಾಗಿತ್ತು. ಒಂಬತ್ತು ತಿಂಗಳೂ ಅಂಗಿಯ ಹೊಲಿಗೆ ದರ ತಪ್ಪದೆ ಕಚೇರಿಗೆ ಹೋಗಿತ್ತು.

ಮೇಲ್ವಿಚಾರಕ ಅವಳಿಗಿಂತ ಮೊದಲೇ ಬಂದು ಮಾರುಕಟ್ಟೆಯ ಬಾಯಿಯಲ್ಲಿ ನಿಂತಿದ್ದ. ಕೈಯಲ್ಲಿ ಟ್ಯಾಬ್ಲೆಟ್ಟು. ‘ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ ಮೇಡಂ, ನಾನು ಹಿಂದೆ ಇರ್ತೀನಿ.’ ಹಿಂದೆಯೇ ಇದ್ದ. ಮೊಟ್ಟೆಯಂಗಡಿಯಲ್ಲಿ, ಬ್ರೆಡ್ಡಿನವನಲ್ಲಿ, ಅವಳ ಬೆನ್ನಿನ ಒಂದು ಮಾರು ಹಿಂದೆ ಅವನ ಉಸಿರು. ಸಾಬೂನಿನ ಅಂಗಡಿಯಲ್ಲಿ ಅವಳು ಚೀಲದಿಂದ ಪುಟ್ಟ ತಕ್ಕಡಿ ತೆಗೆದು ನೀಲಿ ಕಾಗದದ ಸಾಬೂನನ್ನು ಇಟ್ಟಳು. ಕಾಗದದ ಮೇಲೆ ಹಳೆಯ ಬೆಲೆಯೇ ಇತ್ತು, ತೂಕ ಮಾತ್ರ ನೂರು ಗ್ರಾಮಿನಿಂದ ತೊಂಬತ್ತಕ್ಕೆ ಇಳಿದಿತ್ತು. ಬೆಲೆ ಏರಿದೆ ಎಂದೇ ಲೆಕ್ಕ, ಅದನ್ನು ಹಾಗೆಯೇ ನಮೂದಿಸಿದಳು. ‘ಶಹಬ್ಬಾಸ್’ ಎಂದ ಮೇಲ್ವಿಚಾರಕ, ನಿಜವಾದ ಸಂತೋಷದಿಂದ. ‘ಎಷ್ಟೋ ಜನ ಇದನ್ನ ತೂಗೋದೇ ಇಲ್ಲ.’ ಅವಳು ತಕ್ಕಡಿಯನ್ನು ಚೀಲಕ್ಕೆ ತುರುಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಣ್ಣಿನ ಗಾಡಿಗಳ ನಡುವೆ ದಾರಿ ಮಾಡಿಕೊಳ್ಳುತ್ತಾ ಅವನು ಮಾತಿಗೆ ಮಾತು ಬಂದಂತೆ ಹೇಳಿದ: ‘ನಿಮ್ಮ ದರ್ಜಿ ಭಾರಿ ಶಿಸ್ತಿನ ಮನುಷ್ಯ ಇರಬೇಕು. ಮೂರು ತಿಂಗಳು ಒಂದೇ ರೇಟು, ನಾಲ್ಕನೇ ತಿಂಗಳು ಐದು ಏರಿಸ್ತಾರೆ. ಮತ್ತೆ ಮೂರು ತಿಂಗಳು, ಮತ್ತೆ ಐದು. ಬೇರೆ ಎಲ್ಲೂ ಇಷ್ಟು ಅಚ್ಚುಕಟ್ಟಾಗಿ ಏರಲ್ಲ. ಅವರನ್ನ ಒಂದ್ಸಲ ನೋಡಬೇಕು ಅಂತ ಆಸೆ ನನಗೆ.’ ಅವಳು ‘ಹೌದು, ಶಿಸ್ತು’ ಅಂದಳು. ತನ್ನ ದನಿ ಯಾರದೋ ಬಾಯಿಂದ ಬಂದ ಹಾಗಿತ್ತು.

ಶಿಸ್ತಿನ ಮನುಷ್ಯನೇ ಆಗಿದ್ದ ಒಂದು ಕಾಲಕ್ಕೆ. ಕತ್ತಿನಲ್ಲಿ ಅಳತೆಯ ಟೇಪು, ತುಟಿಯಲ್ಲಿ ಗುಂಡುಸೂಜಿ, ಅವಳು ಬಂದರೆ ಸೂಜಿಗಳನ್ನು ತೆಗೆದಿಟ್ಟು ಮೊದಲು ನೀರು ಕೊಟ್ಟು ಆಮೇಲೆ ದರ ಹೇಳುವವನು. ‘ನೀವು ಬರ್ಕೊಂಡ ಮೇಲೇನೇ ನನಗೂ ಗ್ಯಾರಂಟಿ, ಇದು ನನ್ನ ರೇಟು ಅಂತ’ ಎನ್ನುತ್ತಿದ್ದ. ಆಮೇಲಾಮೇಲೆ, ದರ ಹೇಳುವ ಮುಂಚೆ ಕಿಟಕಿಯ ಕಡೆ ನೋಡತೊಡಗಿದ. ಒಂದು ತಿಂಗಳು ಅವಳನ್ನೇ ಕೇಳಿದ: ‘ಹೋದ ಸಲ ಎಷ್ಟು ಹೇಳಿದ್ದೆ?’ ಹಿಂದಿನ ದರ ಹೇಳಬಾರದೆಂಬ ನಿಯಮ, ಅವಳು ಹೇಳಲಿಲ್ಲ. ಅವನ ಮುಖದಲ್ಲಿ ಆಗ ಸುಳಿದ ಭಯವನ್ನು ಅವಳು ಕಂಡಳು, ಕಂಡೂ ಕಾಣದವಳ ಹಾಗೆ ಟ್ಯಾಬ್ಲೆಟ್ಟಿಗೆ ತಲೆ ಬಗ್ಗಿಸಿದಳು. ಮುಂದಿನ ತಿಂಗಳು ಒಂದೇ ಗಳಿಗೆಯಲ್ಲಿ ಮೂರು ದರ ಹೇಳಿದ. ಮಧ್ಯದ್ದನ್ನು ಬರೆದುಕೊಂಡು ಬಂದಳು. ಯಾರಿಗಾದರೂ ಹೇಳಬೇಕಿತ್ತೇ? ಯಾರಿಗೆ? ಅವನ ಮನೆಯಲ್ಲಿ ಯಾರಿದ್ದಾರೆ ಎಂದು ಆರು ವರ್ಷದಲ್ಲಿ ಅವಳು ಕೇಳಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಅದರ ಮುಂದಿನ ತಿಂಗಳು ಅವಳು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಅವನು ಹಿಂದಿನಿಂದ ಕೂಗಿದ: ‘ನನ್ನ ಟೇಪು! ಹಿಡ್ಕೊಳ್ಳಿ ಅವಳನ್ನ, ಟೇಪು ಕದ್ದಿದಾಳೆ!’ ಕೆಳಗೆ ಅಂಗಿಯ ಗುಂಡಿ ಮಾರುವ ಅಂಗಡಿಯವಳು, ಯಾವಾಗಲೂ ಮುಗುಳ್ನಗುತ್ತಲೇ ಇರುವವಳು, ‘ಬೇಜಾರು ಮಾಡ್ಕೋಬೇಡಿ, ಒಂದ್ಸಲ ತೋರಿಸ್ಬಿಡಿ’ ಎಂದು ಚೀಲ ಇಸಿದುಕೊಂಡು ಮೆಟ್ಟಿಲ ಮೇಲೆ ಮಗುಚಿದಳು. ಊಟದ ಡಬ್ಬಿ. ತಕ್ಕಡಿ. ಅಂಗಡಿಯವರಿಂದ ಏನೂ ಪುಕ್ಕಟೆ ತೆಗೆದುಕೊಳ್ಳಬಾರದು ಎಂಬ ನಿಯಮವಿದ್ದರೂ ಯಾರೋ ಕೊಟ್ಟರೆಂದು ಇಟ್ಟುಕೊಂಡಿದ್ದ ನಾಲ್ಕು ಶಾಂಪೂ ಪೊಟ್ಟಣ. ಅತ್ತೆಯ ಹಳೆಯ ಒಳಲಂಗ. ಅದಕ್ಕೆ ಇಲಾಸ್ಟಿಕ್ ಹಾಕಿಕೊಡಿ ಎಂದು ದರ್ಜಿಯನ್ನು ಕೇಳಬೇಕೆಂದಿದ್ದವಳು ಬಾಯಿ ಬರದೆ ಹಾಗೇ ವಾಪಸು ಒಯ್ಯುತ್ತಿದ್ದಳು. ಮೆಟ್ಟಿಲ ಮೇಲೆ ಅದು ಅಂಗಾತ ಬಿದ್ದುಕೊಂಡಿತ್ತು. ನಾಲ್ಕಾರು ಜನ ಸೇರಿದ್ದರು. ಆಗ ಯಾರೋ ಮೇಲೆ ನೋಡಿ ನಕ್ಕರು: ಟೇಪು ಅವನ ಕತ್ತಿನಲ್ಲೇ ಇತ್ತು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದೇ ಇವತ್ತಿಗೂ ಸುಡುವುದು, ಅವರ ಜೊತೆ ಸೇರಿ ತಾನೂ ನಕ್ಕದ್ದು. ಬಗ್ಗಿ ಒಂದೊಂದನ್ನೇ ಆರಿಸಿ ಚೀಲಕ್ಕೆ ತುಂಬುವಾಗ ದರ್ಜಿ ಮಾತ್ರ ನಗದೆ ಟೇಪನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮರುತಿಂಗಳು ಮೆಟ್ಟಿಲ ಬುಡದವರೆಗೆ ಬಂದು, ಗುಂಡಿ ಅಂಗಡಿಯವಳು ಕತ್ತು ಎತ್ತುವ ಮೊದಲೇ ತಿರುಗಿ ನಡೆದಿದ್ದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಹೋದ ತಿಂಗಳ ದರವನ್ನೇ ಒತ್ತಿದಳು. ಒಂದು ತಿಂಗಳ ಮಟ್ಟಿಗೆ, ಎಂದುಕೊಂಡಿದ್ದಳು. ಎರಡನೆಯ ತಿಂಗಳು ಸುಲಭವಾಯಿತು. ನಾಲ್ಕನೆಯ ತಿಂಗಳು ದಾರ ತುಟ್ಟಿಯಾಗಿದೆ, ವಿದ್ಯುತ್ತು ತುಟ್ಟಿಯಾಗಿದೆ, ಅವನೂ ಏರಿಸಿರುತ್ತಾನೆ ಎಂದು ಯೋಚಿಸಿ ಐದು ಕೂಡಿಸಿದಳು. ಆಗ ತಾನು ನ್ಯಾಯವಾಗಿ ನಡೆದುಕೊಂಡೆ ಎಂದೇ ಅನ್ನಿಸಿತ್ತು! ಅವಳ ತಲೆಯೊಳಗಿನ ದರ್ಜಿ ಸೌಖ್ಯವಾಗಿದ್ದ, ನೀರು ಕೊಡುತ್ತಿದ್ದ, ಒಂದೇ ದರ ಹೇಳುತ್ತಿದ್ದ. ನಿಜವಾದವನ ಗತಿ ಏನಾಯಿತು ಎಂದು ಕೆಲವೊಮ್ಮೆ ಪಾತ್ರೆ ತೊಳೆಯುವಾಗ ನೆನಪಾಗಿ ನಲ್ಲಿಯನ್ನು ಜೋರಾಗಿ ತಿರುಗಿಸುತ್ತಿದ್ದಳು. ಸತ್ತಿದ್ದರೆ? ಈಗ ಮೇಲ್ವಿಚಾರಕನ ಮುಂದೆ ಹಳೆಯ ಕಟ್ಟಡದ ಕಡೆ ನಡೆಯುತ್ತಿರುವಾಗ ಆ ಯೋಚನೆ ಅಡ್ಡ ಬಂದು ನಿಂತಿತು. ಬಾಗಿಲಿಗೆ ಧೂಳು ಹಿಡಿದ ಬೀಗ, ಸತ್ತು ಆರು ತಿಂಗಳಾಯಿತು ಎನ್ನುವ ನೆರೆಯವರು, ಸತ್ತವನು ಐದೈದು ಏರಿಸುತ್ತಾ ಹೋದ ಹೊಲಿಗೆ ದರ. ಗುಂಡಿ ಅಂಗಡಿಯವಳು ಅವಳನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಹಿಂದಿದ್ದ ಅಧಿಕಾರಿಯ ಠೀವಿ ನೋಡಿ ಮುಚ್ಚಿಕೊಂಡಳು. ಮೇಲ್ವಿಚಾರಕ ಮೆಟ್ಟಿಲ ಬಳಿ ಪಕ್ಕಕ್ಕೆ ಸರಿದ. ‘ನೀವು ಮೊದಲು, ಮೇಡಂ.’

ಬಾಗಿಲು ತೆರೆದಿತ್ತು. ದರ್ಜಿ ಅದೇ ಸ್ಟೂಲಿನ ಮೇಲೆ ಕೂತಿದ್ದ, ಬಡಕಲಾಗಿ, ಶುಭ್ರವಾದ ಅಂಗಿ ತೊಟ್ಟು. ಅಂಗಿಯ ಗುಂಡಿಗಳು ಒಂದೊಂದು ಕಾಜಾ ತಪ್ಪಿ ಕೂತಿದ್ದವು. ಯಂತ್ರಕ್ಕೆ ಹೊದಿಕೆ. ಕತ್ತರಿಸುವ ಮೇಜಿನ ಮೇಲೆ ಬಟ್ಟೆಯ ಒಂದು ಚೂರೂ ಇಲ್ಲ. ಮೂಲೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಸೇಬು ಹೆಚ್ಚುತ್ತಿದ್ದಳು. ‘ಯಾರು ಬೇಕಿತ್ತು? ನಾನು ಇವನ ಅಕ್ಕ’ ಎಂದು ಎದ್ದಳು. ‘ಇಲ್ಲಿ ಹೊಲಿಗೆ ನಿಂತು ಬಹಳ ದಿನ ಆಯ್ತು. ಮನೇಲಿ ಬಿಟ್ರೆ ಗಲಾಟೆ ಮಾಡ್ತಾನೆ, ಅಂಗಡಿಗೆ ಹೋಗ್ಬೇಕು ಅಂತಾನೆ. ಅದಕ್ಕೆ ದಿನಾ ಹತ್ತು ಗಂಟೆಗೆ ತಂದು ಕೂರಿಸ್ತೀನಿ. ನಾನು ಇಲ್ಲೇ ಪಕ್ಕದ ಬೀದಿಯಲ್ಲಿ ಅಡುಗೆ ಕೆಲಸಕ್ಕೆ ಹೋಗಿ ಮಧ್ಯಾಹ್ನ ಬರ್ತೀನಿ. ಇವತ್ತು ರಜೆ.’ ಮೇಲ್ವಿಚಾರಕ ನಿಧಾನವಾಗಿ ಕೋಣೆಯನ್ನೆಲ್ಲ ನೋಡಿದ. ‘ಬಹಳ ದಿನ ಅಂದ್ರೆ?’ ‘ಎಂಟು ತಿಂಗಳು ಆಗಿರ್ಬೇಕು.’ ಟ್ಯಾಬ್ಲೆಟ್ಟಿನ ಮೇಲೆ ಅವನ ಬೆರಳು ನಿಂತಿತು.

ಅಷ್ಟರಲ್ಲಿ ದರ್ಜಿ ಅವಳನ್ನು ನೋಡಿದ. ಮುಖ ಅರಳಿತು. ‘ಬಂದ್ರು ನೋಡು, ರೇಟ್ ಮೇಡಂ!’ ಎಂದ ಅಕ್ಕನಿಗೆ. ‘ನಾನು ಹೇಳ್ಲಿಲ್ವಾ? ತಿಂಗಳು ತಿಂಗಳು ತಪ್ಪದೆ ಬರ್ತಾರೆ. ಹೋದ ತಿಂಗಳು ಇದೇ ಜಾಗದಲ್ಲಿ ಕೂತಿದ್ರು. ನೀರು ಕೊಟ್ಟೆ. ರೇಟು ಹೇಳ್ದೆ. ಬರ್ಕೊಂಡ್ರು.’ ಅಕ್ಕ ಚಾಕು ಕೆಳಗಿಟ್ಟಳು. ಅವಳ ಕಣ್ಣು ದೊಡ್ಡದಾಯಿತು. ‘ನೀವೇನಾ ಆ ಮೇಡಂ? ತಿಂಗಳು ಹುಟ್ಟಿದ್ರೆ ಸಾಕು, ಇವನು ಬೆಳಗ್ಗೆಯಿಂದ ರೇಟು ಬಾಯಿಪಾಠ ಮಾಡ್ತಾನೆ. ಅವರು ಬರ್ತಾರೆ, ತಪ್ಪು ಹೇಳ್ಬಾರ್ದು ಅಂತಾನೆ. ಯಾರೂ ಬರಲ್ಲ ಕಣೋ, ಅದೆಲ್ಲ ನಿನ್ನ ತಲೆಯೊಳಗೆ ಅಂತ ನಾನು ಬೈತಿದ್ದೆ. ಡಾಕ್ಟ್ರಿಗೂ ಹಾಗೇ ಹೇಳಿಬಿಟ್ಟೆ, ಆಗದೇ ಇದ್ದದ್ದೆಲ್ಲ ಆಯ್ತು ಅಂತಾನೆ ಅಂತ. ನಾನಿಲ್ಲದಾಗ ಬರ್ತಿದ್ರಾ ನೀವು? ನಿಜವಾಗ್ಲೂ ಬರ್ತಿದ್ರಾ?’ ಆ ದನಿಯಲ್ಲಿದ್ದ ಆಸೆ ಅವಳಿಗೆ ಭಯ ಹುಟ್ಟಿಸಿತು. ತಮ್ಮನ ತಲೆಯೊಳಗೆ ಒಂದು ಮೂಲೆಯಾದರೂ ಕೆಡದೆ ಉಳಿದಿದೆ ಎಂದು ಹೇಳಿ ಎಂದು ಈ ಮುದುಕಿ ಬೇಡುತ್ತಿದ್ದಾಳೆ. ಮೇಲ್ವಿಚಾರಕನೂ ತಿರುಗಿದ. ‘ಬರ್ತಿದ್ರಾ ಮೇಡಂ?’ ಎಂದ, ಬಹಳ ಮೆತ್ತಗೆ, ಬಾಗಿಲು ಹಿಡಿದುಕೊಂಡ ಹಾಗೆ. ಹೌದು ಎಂದರೆ ಮುಗಿಯಿತು. ಮುದುಕ ಹೇಳಿದ ದರ ಬರೆದೆ, ಬಟ್ಟೆ ಹೊಲಿಯುತ್ತಾನೋ ಇಲ್ಲವೋ ನೋಡಲಿಲ್ಲ, ತಪ್ಪಾಯಿತು. ಒಂದು ಎಚ್ಚರಿಕೆಯ ಪತ್ರ, ಅಷ್ಟೆ. ಮೂರು ಜೊತೆ ಕಣ್ಣುಗಳು. ಮೂವರಿಗೂ ಆ ಒಂದು ‘ಹೌದು’ ಸಾಕಾಗಿತ್ತು. ದರ್ಜಿಯ ಅಕ್ಕ ನಾಳೆ ಡಾಕ್ಟರ ಬಳಿ ಹೋಗಿ, ಇಲ್ಲ ಸ್ವಾಮಿ, ಇವನ ನೆನಪು ಸರಿಯಾಗೇ ಇದೆ, ತಪ್ಪಿದ್ದು ನಾನೇ ಎನ್ನುತ್ತಾಳೆ. ಒಬ್ಬ ಮನುಷ್ಯನ ತಲೆಯೊಳಗೂ ತಾನು ಬಸ್ ನಿಲ್ದಾಣದ ಬೆಂಚಿನಿಂದ ಅಂಕಿ ತುಂಬಿದಂತಾಗುತ್ತದೆ. ಅವಳು ಬಾಯಿ ತೆರೆದಾಗ ಏನು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

‘ಇಲ್ಲ’ ಎಂದಳು. ‘ನಾನು ಬಂದಿಲ್ಲ. ಒಂಬತ್ತು ತಿಂಗಳಾಯ್ತು ಈ ಮೆಟ್ಟಿಲು ಹತ್ತಿ. ರೇಟು ನಾನೇ ಬರ್ದೆ.’

ಮೊದಲು ಎದ್ದವನು ದರ್ಜಿ. ‘ಸುಳ್ಳು!’ ಎಂದು ಸ್ಟೂಲು ಹಿಂದಕ್ಕೆ ಬೀಳುವಂತೆ ಎದ್ದ. ‘ಸುಳ್ಳು ಹೇಳ್ತಿದಾಳೆ! ಬಂದಿದ್ಲು! ನೀರು ಕುಡಿದಿದ್ಲು!’ ಅಕ್ಕ ಅವನ ಎರಡೂ ಕೈ ಹಿಡಿದು, ‘ಆಯ್ತು ಕಣೋ, ಕೂತ್ಕೋ, ಆಯ್ತು’ ಎನ್ನುತ್ತಾ ಅವಳ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಆಸೆ ಇದ್ದ ಜಾಗ ಖಾಲಿಯಾಗಿತ್ತು, ಅಷ್ಟೆ. ‘ಸರಿ ಬಿಡಿ. ಗೊತ್ತಾಯ್ತಲ್ಲ’ ಎಂದಳು. ಸೇಬಿನ ಹೋಳುಗಳು ತಟ್ಟೆಯಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿದ್ದವು.

ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದರು. ಮೇಲ್ವಿಚಾರಕ ಗೋಡೆಯ ನೆರಳಿನಲ್ಲಿ ನಿಂತು ಕನ್ನಡಕ ತೆಗೆದ. ಕನ್ನಡಕವಿಲ್ಲದ ಅವನ ಕಣ್ಣು ದಣಿದ ಹುಡುಗನ ಕಣ್ಣಿನಂತಿತ್ತು. ‘ಯಾಕೆ ಮೇಡಂ? ಸಾಬೂನು ತೂಗೋರು ನೀವು. ಸಿಗಲಿಲ್ಲ ಅಂತ ಒಂದು ಪದ ಬರ್ದಿದ್ರೆ ಸಾಕಿತ್ತು.’ ಟೇಪು, ಚೀಲ, ಒಳಲಂಗ, ಎಲ್ಲರ ಜೊತೆ ನಕ್ಕದ್ದು. ಇವನಿಗೆ ಯಾವುದನ್ನು ಹೇಳುವುದು? ‘ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ’ ಎಂದಳು. ಅವನು ಅವಳ ಮೊಣಕಾಲಿನ ಕಡೆ ನೋಡಿದ. ಅವಳು ತಿದ್ದಲಿಲ್ಲ. ‘ಇದರಿಂದ ಎಷ್ಟು ತಪ್ಪಾಗಿರುತ್ತೆ?’ ಎಂದು ಕೇಳಿದಳು ಕೊನೆಗೆ. ಅತ್ತೆಯ ಪಿಂಚಣಿ, ಊರಿನ ಸಂಬಳಗಳು, ತನ್ನ ಐದೈದರ ಮೇಲೆ ಏರಿ ನಿಂತ ಏನೇನೋ ಕುಸಿಯುವುದನ್ನು ಒಂಬತ್ತು ತಿಂಗಳು ಕಲ್ಪಿಸಿಕೊಂಡಿದ್ದಳು. ಅವನು ಲೆಕ್ಕ ಹಾಕಲೂ ಇಲ್ಲ. ‘ಏನೂ ಆಗಿರಲ್ಲ. ಹೊಲಿಗೆ ಕೂಲಿಗೆ ಇರೋ ತೂಕವೇ ಸಾಸಿವೆಯಷ್ಟು, ಅದರಲ್ಲಿ ಒಬ್ಬ ದರ್ಜಿ. ಕೊನೆಯ ಅಂಕಿಯ ಕೊನೆಯ ಚುಕ್ಕೆಯೂ ಅಲುಗಾಡಿರಲ್ಲ.’ ಸಮಾಧಾನಕ್ಕೆಂದೇ ಹೇಳಿದ. ಯಾರಿಗೂ ಏನೂ ಆಗಲಿಲ್ಲ. ಮೇಲಿನ ಕೋಣೆಯಲ್ಲಿ ಒಬ್ಬ ಮನುಷ್ಯ ಒಂಬತ್ತು ತಿಂಗಳು ಬೆಳಗ್ಗೆಯಿಂದ ಬಾಯಿಪಾಠ ಮಾಡಿಕೊಂಡು ಕಾದದ್ದು ಮಾತ್ರ ಆಗಿತ್ತು, ಅದಕ್ಕೆ ಯಾವ ತೂಕವೂ ಇರಲಿಲ್ಲ. ‘ಆದರೂ ನಾನು ಬರೀಬೇಕಾಗುತ್ತೆ ಮೇಡಂ’ ಎಂದ ಅವನು. ‘ಬರೀರಿ’ ಎಂದಳು.

ಎರಡು ವಾರಕ್ಕೆ ಪತ್ರ ಬಂತು, ತಿಂಗಳ ಕೊನೆಗೆ ಕೆಲಸ ಮುಗಿಯಿತು. ಟ್ಯಾಬ್ಲೆಟ್ಟು, ತಕ್ಕಡಿ, ಗುರುತಿನ ಚೀಟಿ ಒಪ್ಪಿಸಿ ಸಹಿ ಹಾಕಿದಳು. ಗಂಡ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ‘ಬೇರೆ ಎಲ್ಲಾದ್ರೂ ನೋಡೋಣ ಬಿಡು’ ಎಂದ. ಅತ್ತೆ ಅವಳ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಾಗಿ ಹಾಕಿದರು. ಅದೂ ಹೆದರಿಕೆಯನ್ನೇ ತಂದಿತು. ಹೆದರಿಕೆಗೆ ಈಗ ಕಾರಣ ಉಳಿದಿರಲಿಲ್ಲ, ಹೆದರಿಕೆ ಮಾತ್ರ ಉಳಿದಿತ್ತು. ಫೋನು ರಿಂಗಾದರೆ, ಬಾಗಿಲು ತಟ್ಟಿದರೆ, ಸುಮ್ಮನೆ ಕೂತರೂ. ಹೊಸ ತಿಂಗಳ ಎರಡನೆಯ ದಿನ ಬೆಳಗ್ಗೆ ಬ್ರೆಡ್ಡು ತರಲು ಹೊರಟವಳು ಬಸ್ಸು ಹತ್ತಿ ಮಾರುಕಟ್ಟೆಯಲ್ಲಿ ಇಳಿದಳು. ಮೆಟ್ಟಿಲ ಬುಡದಲ್ಲಿ ಕಾಲು ಹಿಂದೆಗೆಯಿತು. ದರ್ಜಿ ಮತ್ತೆ ಕೂಗುತ್ತಾನೆ, ಮತ್ತೆ ಜನ ಸೇರುತ್ತಾರೆ, ಮತ್ತೆ ಚೀಲದಲ್ಲಿದ್ದುದನ್ನು ಕೆಳಗೆ ಸುರಿಯುತ್ತಾರೆ ಎಂಬ ಭಯ. ಗುಂಡಿ ಅಂಗಡಿಯವಳು, ‘ಒಬ್ರೇ ಇದಾರೆ, ಹೋಗಿ’ ಎಂದಳು, ಮುಖ ನೋಡದೆ.

ದರ್ಜಿ ಅವಳನ್ನು ಕಂಡು ಎದ್ದು ನಿಂತ. ಹಿಂದಿನ ಸಲದ ಕೂಗಾಟದ ಸುಳಿವೂ ಮುಖದಲ್ಲಿ ಇರಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿದ, ಅರ್ಧ ಮೇಜಿನ ಮೇಲೆ ಚೆಲ್ಲಿತು. ‘ಹೋದ ತಿಂಗಳು ಯಾಕೆ ಬರ್ಲಿಲ್ಲ ನೀವು?’ ಎಂದ ನೊಂದವನ ಹಾಗೆ. ‘ದಿನಾ ಕಾದೆ.’

‘ಬಂದಿದ್ದೆ’ ಎಂದಳು ಅವಳು, ಬಾಯಿತಪ್ಪಿ. ‘ಹೋದ ತಿಂಗಳು ಬಂದಿದ್ದೆನಲ್ಲ.’

ಅವನು ಹಾಗೇ ನಿಂತ. ಕಣ್ಣು ಕಿಟಕಿಗೆ ಹೋಯಿತು, ಯಂತ್ರಕ್ಕೆ ಹೋಯಿತು, ಅವಳ ಮುಖಕ್ಕೆ ಬಂದು ಮತ್ತೆ ಕಿಟಕಿಗೆ ಹೋಯಿತು. ತನ್ನ ಮನೆಯೊಳಗೇ ದಾರಿ ತಪ್ಪಿದವನ ಭಯ ಅದು. ಲೋಟ ವಾಲಿ ಉಳಿದ ನೀರೂ ಚೆಲ್ಲಿತು. ಒಂದು ಕಾಲದಲ್ಲಿ ಈ ಭಯದ ಎದುರೇ ಅವಳು ಟ್ಯಾಬ್ಲೆಟ್ಟಿಗೆ ತಲೆ ಬಗ್ಗಿಸಿದ್ದಳು. ಈಗ ಬಗ್ಗಿಸಲು ಕೈಯಲ್ಲಿ ಏನೂ ಇರಲಿಲ್ಲ.

‘ಇಲ್ಲ’ ಎಂದಳು. ‘ನೀವು ಹೇಳಿದ್ದೇ ಸರಿ. ನಾನು ಬರ್ಲಿಲ್ಲ. ನನ್ನದೇ ತಪ್ಪಾಯ್ತು.’

ಅವನ ಭುಜ ನಿಧಾನವಾಗಿ ಇಳಿಯಿತು. ‘ಪರವಾಗಿಲ್ಲ’ ಎಂದ, ಕೂತ, ಅಂಗಿಯ ಅಂಚು ಎಳೆದುಕೊಂಡ. ‘ಬರ್ಕೊಳ್ಳಿ ಮತ್ತೆ. ಉದ್ದ ತೋಳಿನ ಅಂಗಿ, ಹೊಲಿಗೆ ಮಾತ್ರ.’ ದರ ಹೇಳಿದ. ಒಂದು ಗಳಿಗೆ ತಡೆದು ಬೇರೊಂದು ಹೇಳಿದ. ಅವಳು ಒದ್ದೆ ಮೇಜಿನ ಎದುರು ಕೂತು, ಕಣ್ಣು ಕೀಳದೆ ಅವನನ್ನೇ ನೋಡುತ್ತಾ, ಎರಡಕ್ಕೂ ತಲೆಯಾಡಿಸಿದಳು.